ಹದಿನೈದು ದಿನ ಕರೆಂಟ್ ಇಡಿಸಿದರೆ ಲಕ್ವ ಹೋಗುತ್ತಾ?

ನಮ್ಮ ಕಡೆ ಫಿಸಿಯೋಥೆರಪಿಗೆ ಬೇರೆಯೇ ಹೆಸರಿದೆ: ಕರೆಂಟ್ ಇಡಿಸೋದು. "ಅಪ್ಪಗ ಲಕ್ವಾ ಹೊಡದೈತ್ರಿ, ಹದಿನೈದ್ ದಿನ ಕರೆಂಟ್ ಇಡಸ್ಬೇಕಂತ" ಅನ್ನುವ ಮಾತನ್ನು ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ, ಸಿಂಧನೂರಿನ ಔಷಧಿ ಅಂಗಡಿಗಳ ಮುಂದೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜ್ವರದ ಮಾತ್ರೆಗೆ ಐದು ದಿನದ ಕೋರ್ಸ್ ಇದ್ದ ಹಾಗೆ ಲಕ್ವಕ್ಕೆ ಹದಿನೈದು ದಿನದ ಕೋರ್ಸ್. ಹದಿನಾರನೇ ದಿನಕ್ಕೂ ಕೈ ಏಳಲಿಲ್ಲ ಅಂದರೆ "ಕರೆಂಟ್ ಹತ್ತಲಿಲ್ಲ" ಅಂತ ತೀರ್ಮಾನ. ಅಲ್ಲಿಂದ ಮುಂದೆ ಎಣ್ಣೆ, ಪಾರಿವಾಳ, ಹರಕೆ.

ಅರ್ಧ ತೊಂದರೆ ಈ ಹೆಸರಿನಲ್ಲೇ ಇದೆ ಅಂತ ನನ್ನ ಅನಿಸಿಕೆ. ಕರೆಂಟ್ ಇಡಿಸುವುದು ಅಂದರೆ ಬೇರೆ ಯಾರೋ ನಮಗೆ ಏನೋ ಮಾಡುವುದು, ನಾವು ಸುಮ್ನೆ ಮಲಗಿರುವುದು. ನರ ಮತ್ತು ಮಾಂಸಖಂಡದ ಕಾಯಿಲೆಗಳಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವ ರೀತಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ದುಡಿಯಬೇಕಾದವನು ರೋಗಿ. ಅದೂ ಹದಿನೈದು ದಿನವಲ್ಲ, ತಿಂಗಳುಗಟ್ಟಲೆ.

ಇದನ್ನು ನಾನು ಕಲಿತದ್ದು ತಡವಾಗಿ, ನನ್ನ ಸೋದರಮಾವನ ಭುಜ ನೋಡಿ. ಕಾರಟಗಿ ಕಡೆಯ ಊರು, ಭತ್ತದ ಗದ್ದೆ. ಬಿಪಿ ಮಾತ್ರೆ ಬಿಟ್ಟಿದ್ದ. ಒಂದು ಬೆಳಿಗ್ಗೆ ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಲ್ಲಿ ಆರು ದಿನ ಇದ್ದು ಜೀವ ಉಳಿಸಿಕೊಂಡು ಬಂದ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಉದ್ದ ಪಟ್ಟಿಯ ಕೆಳಗೆ ಒಂದೇ ಸಾಲು: ಫಿಸಿಯೋಥೆರಪಿ ಮಾಡಿಸುವುದು. ಎಲ್ಲಿ, ಎಷ್ಟು ದಿನ, ಏನು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾಟಿ ವೈದ್ಯರ ಎಣ್ಣೆಗೆ ನಲವತ್ತು ದಿನ ಹೋಯಿತು. ಆ ನಲವತ್ತು ದಿನವೂ ಅವನನ್ನು ಹಾಸಿಗೆಯಿಂದ ಎಬ್ಬಿಸಿದವರು, ಕೂರಿಸಿದವರು ಎಲ್ಲರೂ ಪ್ರೀತಿಯಿಂದ ಆ ಬಿದ್ದ ಕೈಯನ್ನೇ ಹಿಡಿದು ಎಳೆದರು. ನಾನೂ ಎಳೆದಿದ್ದೇನೆ.

ಕೊನೆಗೆ ಫಿಸಿಯೋ ಹತ್ತಿರ ಹೋದಾಗ ಆಕೆ ಮಾವನ ಅಂಗಿ ತೆಗೆಸಿ ನನ್ನ ಬೆರಳು ಹಿಡಿದು ಭುಜದ ಮೂಳೆಯ ಕೆಳಗೆ ಇಟ್ಟರು. ಬೆರಳು ಒಳಗೆ ಇಳಿಯಿತು. ಕೀಲಿನಲ್ಲಿ ಒಂದು ಬೆರಳಿನಷ್ಟು ಸಂದು! ಲಕ್ವ ಹೊಡೆದ ಕೂಡಲೇ ಭುಜವನ್ನು ಹಿಡಿದಿಡುವ ಮಾಂಸಖಂಡಗಳು ಸಡಿಲವಾಗುತ್ತವೆ. ಜೋತುಬಿದ್ದ ಕೈಯ ಭಾರಕ್ಕೇ ಕೀಲು ಕೆಳಕ್ಕೆ ಜಾರುತ್ತದೆ. ಮೇಲಿಂದ ನಾವು ಎಳೆದರೆ ಕೇಳಬೇಕಾ? ಮಾವನಿಗೆ ರಾತ್ರಿ ನಿದ್ದೆ ಬರದಂತೆ ಮಾಡುತ್ತಿದ್ದ ನೋವು ಮೆದುಳಿನದಲ್ಲ, ನಾವು ಕೊಟ್ಟದ್ದು. ಮೊದಲ ದಿನವೇ ಒಬ್ಬರು ಹತ್ತು ನಿಮಿಷ ಕೂತು "ಕೈ ಹಿಡಿದು ಎಬ್ಬಿಸಬೇಡಿ, ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ, ಮಲಗಿದಾಗ ಕೈ ಕೆಳಗೆ ದಿಂಬು ಇಡಿ" ಅಂದಿದ್ದರೆ ಸಾಕಿತ್ತು.

ಆ ಫಿಸಿಯೋ ನಮ್ಮ ಮಾವನಿಗೆ ಕಾಯಿಲೆ ಅರ್ಥ ಮಾಡಿಸಿದ್ದು ಪಂಪ್‌ಸೆಟ್ ಹೋಲಿಕೆಯಲ್ಲಿ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಗದ್ದೆಯಲ್ಲಿ ನೀರು ಬರುತ್ತಿಲ್ಲ ಅಂದರೆ ರೈತ ಮೊದಲು ಏನು ನೋಡುತ್ತಾನೆ? ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದೆಯಾ, ವೈರ್ ಕಟ್ಟಾಗಿದೆಯಾ, ಇಲ್ಲ ಮೋಟರೇ ಹೋಗಿದೆಯಾ ಅಂತ. ಟಿಸಿ ಅಂದರೆ ನಮ್ಮ ಮೆದುಳು ಮತ್ತು ಬೆನ್ನುಹುರಿ. ವೈರ್ ಅಂದರೆ ಅಲ್ಲಿಂದ ಕೈಕಾಲಿಗೆ ಬರುವ ನರ. ಮೋಟರ್ ಅಂದರೆ ಮಾಂಸಖಂಡ. ಮೂರರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವುದು ಒಂದೇ, ಕಾಲು ಏಳುತ್ತಿಲ್ಲ. ಆದರೆ ರಿಪೇರಿ ಒಂದೇ ಅಲ್ಲ. ಒಂದಕ್ಕೆ ಒಳ್ಳೆಯದಾಗುವ ವ್ಯಾಯಾಮ ಇನ್ನೊಂದಕ್ಕೆ ಕೇಡು ಮಾಡಬಹುದು. ಎಲ್ಲಕ್ಕೂ "ನರದ ವೀಕ್ನೆಸ್" ಅಂತ ಒಂದೇ ಹೆಸರು ಕೊಟ್ಟು, ಕೆಂಪು ಬಣ್ಣದ ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಬರುವ ರೂಢಿ ಇದೆಯಲ್ಲ, ಅದು ಬಿ12 ಕೊರತೆ ಇದ್ದವರಿಗೆ ನಿಜವಾಗಿಯೂ ಗುಣ ಕೊಡುತ್ತದೆ. ಉಳಿದವರಿಗೆ ಖರ್ಚು ಮಾತ್ರ.

ಮೊದಲು ಟಿಸಿ ವಿಷಯ. ಲಕ್ವದಲ್ಲಿ ಮೆದುಳಿನ ಒಂದು ಭಾಗ ಸತ್ತುಹೋಗಿರುತ್ತದೆ, ಅದು ಮತ್ತೆ ಹುಟ್ಟುವುದಿಲ್ಲ. ಆದರೆ ಪಕ್ಕದ ಭಾಗಗಳು ಆ ಕೆಲಸ ಕಲಿಯಬಲ್ಲವು. ಹೊಲಕ್ಕೆ ದಾರಿ ಬೀಳುವುದು ಹೇಗೆ? ದಿನಾ ನಡೆದು ನಡೆದು. ಮೆದುಳಿನಲ್ಲೂ ಹಾಗೇ. ಒಂದೇ ಚಲನೆಯನ್ನು ನೂರಾರು ಸಲ ಮಾಡಿದರೆ ಹೊಸ ದಾರಿ ಬೀಳುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಂದೊಂದು ದಿನಕ್ಕೆ ನಾನೂರಕ್ಕೂ ಹೆಚ್ಚು ಸಲ ಮಾಡಿಸುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ ಪುನರ್ವಸತಿ ಕೇಂದ್ರಗಳಲ್ಲಿ ಕೂತು ಎಣಿಸಿದರು: ಒಂದು ಸೆಷನ್ನಿನಲ್ಲಿ ರೋಗಿ ಕೈಯಿಂದ ಉಪಯೋಗದ ಚಲನೆ ಮಾಡಿದ್ದು ಸರಾಸರಿ 32 ಸಲ. ಅಲ್ಲೇ ಹಾಗಾದರೆ ನಮ್ಮಲ್ಲಿ ಇಪ್ಪತ್ತು ನಿಮಿಷ ಕರೆಂಟ್, ಐದು ನಿಮಿಷ ಕೈ ಮಡಚಿ ಬಿಡಿಸಿದರೆ ಎಷ್ಟಾಯಿತು? ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ಲಕ್ವ ಹೊಡೆದವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಪುನರ್ವಸತಿ ಚಿಕಿತ್ಸೆ ಸಿಗಬೇಕು ಎನ್ನುತ್ತದೆ. ಗುಣವಾಗುವ ವೇಗ ಜಾಸ್ತಿ ಇರುವುದು ಮೊದಲ ಮೂರು ತಿಂಗಳು. ಆಮೇಲೂ ಆಗುತ್ತದೆ, ನಿಧಾನ. ನಾವು ಎಣ್ಣೆಗೆ ಕೊಟ್ಟ ನಲವತ್ತು ದಿನ ಅದೇ ಮೂರು ತಿಂಗಳ ಒಳಗಿನವು.

ಹಾಗಂತ ಮೊದಲ ದಿನವೇ ಎಬ್ಬಿಸಿ ಓಡಾಡಿಸಬೇಕು ಅಂತಲ್ಲ. 2015ರ ಅವೆರ್ಟ್ ಅಧ್ಯಯನದಲ್ಲಿ 24 ಗಂಟೆಯೊಳಗೆ ಜಾಸ್ತಿ ಜಾಸ್ತಿ ಎಬ್ಬಿಸಿ ನಡೆಸಿದವರ ಸ್ಥಿತಿ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಬಿತ್ತು.

ಈಗ ಆ ಕರೆಂಟಿನ ವಿಷಯ. ಮಷೀನನ್ನು ನಾನು ಬಯ್ಯುತ್ತಿಲ್ಲ. ಫಿಸಿಯೋ ಕೋಣೆಯಲ್ಲಿ ಇರುವ ಕರೆಂಟ್‌ಗಳೆಲ್ಲ ಒಂದೇ ಅಲ್ಲ. ಟೆನ್ಸ್, ಐಎಫ್‌ಟಿ ಅನ್ನುವವು ನೋವಿಗೆ, ಅವುಗಳಿಂದ ಬಿದ್ದ ಕೈ ಏಳುವುದಿಲ್ಲ. ಸ್ಟಿಮ್ಯುಲೇಟರ್ ಮಾಂಸಖಂಡವನ್ನು ಕುಣಿಸುತ್ತದೆ. ಪಾದ ಜೋತುಬೀಳುವವರಿಗೆ, ಭುಜ ಜಾರಿದವರಿಗೆ ಅದು ಉಪಯೋಗಕ್ಕೆ ಬರುತ್ತದೆ, ಆದರೆ ರೋಗಿ ಅದೇ ಹೊತ್ತಿಗೆ ತಾನೂ ಎತ್ತಲು ಪ್ರಯತ್ನ ಮಾಡುತ್ತಿದ್ದರೆ. ಬೆರಳು ತಾನಾಗಿ ಕುಣಿಯುವುದನ್ನು ನೋಡಿ ಮನೆಯವರಿಗೆ ಖುಷಿಯಾಗುತ್ತದೆ, ಅಲ್ವಾ? ವ್ಯಾಯಾಮದಲ್ಲಿ ಆ ಖುಷಿ ಇಲ್ಲ. ಅದಕ್ಕೇ ಮಷೀನ್ ಇರುವ ಕೋಣೆ ತುಂಬುತ್ತದೆ, ವ್ಯಾಯಾಮ ಬರೆದುಕೊಟ್ಟ ಚೀಟಿ ಗೂಡಿನಲ್ಲಿ ಉಳಿಯುತ್ತದೆ.

ಮುಖ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಯಂತೂ ಈ ಕರೆಂಟಿಗೆ ಪುಕ್ಕಟೆ ಹೆಸರು ತಂದುಕೊಟ್ಟಿದೆ. ಅದು ಲಕ್ವವಲ್ಲ, ಮುಖದ ನರದ ಊತ. ಬಹುಪಾಲು ಜನರಿಗೆ ತಾನಾಗಿಯೇ ಗುಣವಾಗುತ್ತದೆ. ಮೊದಲ 72 ಗಂಟೆಯೊಳಗೆ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ರಾತ್ರಿ ಕಣ್ಣು ಮುಚ್ಚದಿದ್ದರೆ ಕಣ್ಣು ಒಣಗಿ ಹಾಳಾಗದಂತೆ ಕಾಪಾಡಬೇಕು, ಅದನ್ನು ಯಾರೂ ಹೇಳುವುದಿಲ್ಲ. ಹೇಗೂ ವಾಸಿಯಾಗುವುದಕ್ಕೆ ಕರೆಂಟ್ ಇಡಿಸಿರುತ್ತಾರೆ, ವಾಸಿಯಾದಾಗ ಹೆಸರು ಕರೆಂಟಿಗೆ. (ಎಣ್ಣೆಗೂ, ತಾಯತಕ್ಕೂ ಹೆಸರು ಬಂದದ್ದು ಹೀಗೇ.)

ಇನ್ನು ವೈರ್. ಇದು ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಲ್ಲಿ ವಿಶೇಷವಾಗಿ ನೋಡಬೇಕಾದ ವಿಷಯ, ಯಾಕೆಂದರೆ ನಮ್ಮ ದುಡಿಮೆಯೇ ನರಗಳ ಮೇಲೆ ಕೂತಿದೆ. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ, ಮೂಳೆಯನ್ನು ಸುತ್ತಿಕೊಂಡು ಒಂದು ನರ ಹೋಗುತ್ತದೆ. ಪಾದ ಮೇಲೆತ್ತುವ ಕೆಲಸ ಅದರದು. ದಿನಗಟ್ಟಲೆ ತುದಿಗಾಲಲ್ಲಿ ಕೂತು ಕಳೆ ತೆಗೆಯುವವರಿಗೆ, ಶೇಂಗಾ ಬಿಡಿಸುವವರಿಗೆ ಆ ನರ ಒತ್ತಿಹೋಗಿ ಒಂದು ದಿನ ಪಾದ ಏಳುವುದಿಲ್ಲ. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುವುದಿಲ್ಲ, ನಡೆದರೆ ಪಟ್ ಪಟ್ ಅಂತ ಸದ್ದು. ಮನೆಯವರು ಲಕ್ವ ಅಂತ ಹೆದರುತ್ತಾರೆ. ಬರೀ ಒತ್ತಿದ್ದಾದರೆ ವಾರಗಳಲ್ಲಿ ಸರಿಹೋಗುತ್ತದೆ. ನರದ ಒಳ ಎಳೆಗಳೇ ತುಂಡಾಗಿದ್ದರೆ ಅವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹದಿನೈದು ಸೆಂಟಿಮೀಟರ್ ದೂರದ ಮಾಂಸಖಂಡ ಮುಟ್ಟಲು ಐದು ತಿಂಗಳು. ಈ ಐದು ತಿಂಗಳು ಫಿಸಿಯೋ ಮಾಡುವ ಕೆಲಸ ಕಾವಲಿನದು: ಪಾದ ಕೆಳಮುಖವಾಗಿ ಬಿಗಿಯದಂತೆ ಸ್ಪ್ಲಿಂಟ್ (ಪಾದ ಹಿಡಿದಿಡುವ ಆಸರೆಪಟ್ಟಿ) ಹಾಕಿಸುವುದು, ಕೀಲುಗಳನ್ನು ದಿನಾ ಆಡಿಸುವುದು. ನರ ಬಂದು ಸೇರುವ ಹೊತ್ತಿಗೆ ಕೀಲು ಮರದ ಹಾಗೆ ಆಗಿದ್ದರೆ ಬಂದ ನರಕ್ಕೆ ಕೆಲಸವೇ ಇಲ್ಲ.

ಇನ್ನೊಂದು ಕಥೆ ಎಣ್ಣಿಯದು. ನಮ್ಮಲ್ಲಿ ಕ್ರಿಮಿನಾಶಕಕ್ಕೂ ಎಣ್ಣಿ ಅಂತಲೇ ಅನ್ನುತ್ತಾರೆ. ತುಂಗಭದ್ರಾ ನಾಲೆಯ ಭತ್ತದ ಪಟ್ಟಿಯಲ್ಲಿ, ರಾಯಚೂರಿನ ಹತ್ತಿ ಹೊಲಗಳಲ್ಲಿ ಅದು ಪ್ರತಿ ಮನೆಯ ಮೂಲೆಯಲ್ಲಿ ಇರುತ್ತದೆ. ಕೆಲವು ಆರ್ಗನೋಫಾಸ್ಫೇಟ್ ವಿಷಗಳು ಹೊಟ್ಟೆಗೆ ಹೋದ ಮನುಷ್ಯ ಐಸಿಯುನಿಂದ ಬದುಕಿ ಬಂದರೂ ಎರಡು ಮೂರು ವಾರದ ನಂತರ ಪಾದಗಳು ಜೋಮು ಹಿಡಿದು ಸೋಲುತ್ತವೆ. ನರದ ಎಳೆಗಳು ತುದಿಯಿಂದ ಸಾಯುತ್ತಾ ಬರುತ್ತವೆ. ಆ ಹೊತ್ತಿಗೆ ಅವನು ಊರಲ್ಲಿ ಇರುತ್ತಾನೆ. "ಐಸಿಯು ಸುಸ್ತು" ಅಂತ ಗ್ಲೂಕೋಸ್ ಹಾಕಿಸುತ್ತಾರೆ. ಕುಡಿದದ್ದನ್ನು ಹೇಳಿಕೊಳ್ಳುವ ನಾಚಿಕೆ ಬೇರೆ.

ಇದರ ಜೊತೆಗೆ ನೀರು. ಮೂರೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದಕ್ಕಿಂತ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ ದಪ್ಪಗಾಗಿ ಬೆನ್ನುಹುರಿಯನ್ನು ಒತ್ತಬಹುದು. ಕಾಲು ಬಿಗಿದು, ನಡಿಗೆ ಕತ್ತರಿ ಹಾಕಿದ ಹಾಗೆ ಆಗುತ್ತದೆ. ಇಂಥವರ ಕುತ್ತಿಗೆಯನ್ನು "ಲಟಕ್ ಅನ್ನಿಸಿ" ಸರಿ ಮಾಡುತ್ತೇವೆ ಅನ್ನುವವರ ಕೈಗೆ ಕೊಡಲೇಬಾರದು. ಇಲ್ಲಿ ಮೊದಲು ಸ್ಕ್ಯಾನ್, ಸರ್ಜನ್, ಆಮೇಲೆ ಫಿಸಿಯೋ.

ಮೋಟರೇ ಕೆಟ್ಟಿರುವ ಕಾಯಿಲೆಗಳು ಮಕ್ಕಳನ್ನೂ ಬಿಡುವುದಿಲ್ಲ. ಡುಷೆನ್ ಅನ್ನುವ ಸ್ನಾಯುಕ್ಷಯ ಗಂಡುಮಕ್ಕಳಿಗೆ ಬರುತ್ತದೆ. ಮೀನಖಂಡ ದಪ್ಪಗೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಹುಡುಗ ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೇ ಕೈ ಊರಿಕೊಂಡು ಹತ್ತಿದ ಹಾಗೆ ಏಳುತ್ತಾನೆ. "ಸೋಮಾರಿ, ಓಡಿಸಿ ಗಟ್ಟಿ ಮಾಡ್ರಿ" ಅನ್ನುವ ಸಲಹೆ ಇಲ್ಲಿ ಅಪಾಯ. ಆ ಮಾಂಸಖಂಡ ಭಾರದ ವ್ಯಾಯಾಮಕ್ಕೆ ಹರಿಯುತ್ತದೆ, ಹರಿದದ್ದು ಮತ್ತೆ ಸರಿಯಾಗಿ ಕೂಡುವುದಿಲ್ಲ. ಹಗುರ ಚಲನೆ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಪಟ್ಟಿ) ಬಿಗಿಯದಂತೆ ದಿನಾ ಹಿಗ್ಗಿಸುವುದು, ಉಸಿರಾಟದ ಅಭ್ಯಾಸ, ಗಾಲಿಕುರ್ಚಿ ಬಂದಾಗ ಬೆನ್ನು ಸೊಟ್ಟಗಾಗದಂತೆ ಕೂರಿಸುವುದು, ಇಷ್ಟೇ ಕೆಲಸ. ಇಲ್ಲಿ ಗುರಿ ವಾಸಿಮಾಡುವುದಲ್ಲ, ನಡೆಯುವ ವರ್ಷಗಳನ್ನು ಉಳಿಸುವುದು. ಇದನ್ನು ತಾಯಿ ತಂದೆಗೆ ಮುಖಕ್ಕೆ ಹೇಳುವ ಧೈರ್ಯ ಎಷ್ಟೋ ಕಡೆ ಕಾಣುವುದಿಲ್ಲ, "ಕರೆಂಟ್ ಇಡೋಣ" ಅನ್ನುವುದು ಸುಲಭ. ಅಂದಹಾಗೆ, ಡುಷೆನ್ ಸೋದರಸಂಬಂಧದಲ್ಲಿ ಮದುವೆಯಾದದ್ದಕ್ಕೆ ಬರುವುದಲ್ಲ. ಬೇರೆ ಕೆಲವು ಸ್ನಾಯು ಮತ್ತು ನರದ ಕಾಯಿಲೆಗಳು ಮಾತ್ರ ಸೋದರಮಾವ, ಅತ್ತೆ ಮಗ ಅಂತ ಕೊಟ್ಟು ತಂದ ಮನೆಗಳಲ್ಲಿ ಜಾಸ್ತಿ ಕಾಣಿಸುತ್ತವೆ.

ಇಷ್ಟು ಗೊತ್ತಿದ್ದರೂ ನಮ್ಮ ಜನ ಯಾಕೆ ಅರ್ಧಕ್ಕೆ ಬಿಡುತ್ತಾರೆ? ಅಜ್ಞಾನ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನಾನು ಬಸ್ಸನ್ನು ದೂರುತ್ತೇನೆ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ದೊಡ್ಡಾಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರೂ ಇರುವುದು ಜಿಲ್ಲಾ ಕೇಂದ್ರದಲ್ಲಿ. ಸಿಂಧನೂರಿನ ಆಚೆಯ ಊರಿನವನು ರಾಯಚೂರಿಗೆ ಹೋಗಿ ಬರಲು ಒಂದು ಇಡೀ ದಿನ ಬೇಕು. ನಡೆಯಲು ಬಾರದವನು ಬಸ್ಸು ಹತ್ತುವುದು ಹೇಗೆ? ಆಟೋ ಮಾಡಬೇಕು. ಜೊತೆಗೆ ಬರುವವರ ಕೂಲಿ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ಅಷ್ಟು ಹಗುರ. ಆದರೆ ಹೆಂಡತಿಯೇ ರೋಗಿಯಾದರೆ? ಎತ್ತಿ ಕೂರಿಸಲು ಗಂಡಸು ಬೇಕು, ಅವನಿಗೆ ಟಿಕೆಟ್ ಉಂಟು, ಕೂಲಿ ನಷ್ಟವೂ ಉಂಟು, "ಇನ್ನೇನು ಅಡುಗೆ ಮಾಡ್ಕೊಂಡು ಇರ್ತಾಳ ಬಿಡು" ಅನ್ನುವ ಮಾತೂ ಉಂಟು. ಪರಗಂಡಸು ಕಾಲು ಮುಟ್ಟಿ ವ್ಯಾಯಾಮ ಮಾಡಿಸುವುದು ಬೇಡ ಅಂತ ಎರಡನೇ ದಿನಕ್ಕೇ ಬಿಟ್ಟ ಹೆಂಗಸರನ್ನು ನಾನೇ ಬಲ್ಲೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ಅಡ್ಮಿಟ್ ಆದರೆ. ತಿಂಗಳುಗಟ್ಟಲೆ ಹೋಗಿ ಬಂದು ಮಾಡಿಸಿಕೊಳ್ಳುವ ಫಿಸಿಯೋಥೆರಪಿಗೆ ಅದು ಆಗುವುದಿಲ್ಲ. ಜೀವ ಉಳಿಸಲು ದುಡ್ಡಿದೆ, ಉಳಿದ ಜೀವ ನಡೆಯಲು ಇಲ್ಲ.

ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ? ಕೇಳಲು ಚೆನ್ನಾಗಿದೆ. ಭಾರತದಲ್ಲೇ ಇದನ್ನು ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. 14 ಆಸ್ಪತ್ರೆ, 1,250 ಲಕ್ವ ರೋಗಿಗಳು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೇ ವ್ಯಾಯಾಮ ಕಲಿಸಿ ಕಳಿಸಿದರು, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಅಟೆಂಡ್ ಹೆಸರಿನ ಈ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ಸತ್ತವರು ಇಲ್ಲವೇ ಇನ್ನೊಬ್ಬರ ಆಸರೆಯಲ್ಲೇ ಇದ್ದವರು ಎರಡೂ ಗುಂಪಿನಲ್ಲಿ ಶೇ 47. ಏನೂ ವ್ಯತ್ಯಾಸ ಇಲ್ಲ! ಮನೆಯವರು ಸೋತರು ಅಂತ ನಾನು ಇದನ್ನು ಓದುವುದಿಲ್ಲ. ತಿಂಗಳುಗಟ್ಟಲೆ ಮಾಡಿಸಬೇಕಾದ ಕೆಲಸವನ್ನು ಒಂದಷ್ಟು ದಿನ ಹೇಳಿಕೊಟ್ಟು ಅವರ ತಲೆಗೆ ಕಟ್ಟಿದರೆ ಆಗುವುದಿಲ್ಲ ಅಂತ ಓದುತ್ತೇನೆ. ಅದರಲ್ಲೂ ನಮ್ಮ ಕಡೆ ಮನೆಯವರು ಎಲ್ಲಿದ್ದಾರೆ? ಸುಗ್ಗಿ ಮುಗಿದ ಮೇಲೆ ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಗುಳೆ ಹೋಗದೆ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಲಕ್ವ ಹೊಡೆದ ಅಜ್ಜನಿಗೆ ವ್ಯಾಯಾಮ ಮಾಡಿಸಬೇಕಾದ ಮಗ ಬೆಂಗಳೂರಿನ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ. ಕೆಲವೊಮ್ಮೆ ಅವನೇ ಅಲ್ಲಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಊರಿಗೆ ವಾಪಸ್ ಬರುತ್ತಾನೆ.

ಆದ್ದರಿಂದ ಬೇಕಾದದ್ದು ಊರಿನ ಹತ್ತಿರ ಬರುವ ಒಬ್ಬ ಕಲಿತ ಮನುಷ್ಯ. ವಾರಕ್ಕೆರಡು ಸಲ ಬಂದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಇದಕ್ಕೆ ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಬ್ಬ ಪುನರ್ವಸತಿ ಕಾರ್ಯಕರ್ತ, ಹಾಸಿಗೆ ಹಿಡಿದವರ ಮನೆಗೆ ಭೇಟಿ ಅಂತ ಬರೆದಿದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಸ್ವತಃ ಅಂಗವಿಕಲರು, ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಬಾಯಲ್ಲೇ ಹೇಳುತ್ತಾರೆ. ಅವರ ದಿನವೆಲ್ಲ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿಗಳಲ್ಲೇ ಕಳೆಯುತ್ತದೆ. ಅವರ ಜೊತೆ ತಾಲೂಕಿಗೊಬ್ಬ ಫಿಸಿಯೋ ಬೈಕಿನಲ್ಲಿ ತಿರುಗಿದರೆ ಭುಜ ಜಾರುವುದಾದರೂ ನಿಲ್ಲುತ್ತಿತ್ತು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ವರ್ಷಗಟ್ಟಲೆ ಧರಣಿ ಕೂತವರ ಬೇಡಿಕೆ ನ್ಯಾಯವಾದದ್ದೇ. ಆದರೆ ಏಮ್ಸ್ ಬಂದರೂ ಲಕ್ವದ ರೋಗಿ ಏಳನೇ ದಿನಕ್ಕೆ ಊರಿಗೇ ಬರುತ್ತಾನೆ.

ಫಿಸಿಯೋಗಳ ಸುದ್ದಿ ಪೇಪರಿನಲ್ಲಿ ದೊಡ್ಡದಾಗಿ ಬಂದದ್ದು ಹೆಸರಿನ ಮುಂದಿನ 'ಡಾ.' ಬಗ್ಗೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದನ್ನು ಹಾಕಬಾರದು ಅಂತ ಪತ್ರ ಬರೆಯಿತು, ಮರುದಿನವೇ ಹಿಂದಕ್ಕೆ ಪಡೆಯಿತು. ನನಗೆ ಆ ಜಗಳಕ್ಕಿಂತ, ಒಂದು ಸ್ಟಿಮ್ಯುಲೇಟರ್ ಕೊಂಡು ಬೋರ್ಡು ಹಾಕಿಕೊಂಡವನನ್ನೂ ನಾಲ್ಕೂವರೆ ವರ್ಷ ಓದಿ ಬಂದವಳನ್ನೂ ಹಳ್ಳಿಯವನು ಹೇಗೆ ಬೇರೆ ಮಾಡಿ ನೋಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಅದಕ್ಕೆ ನೋಂದಣಿಯ ದಾರಿ ಇದೆ. ಬೋರ್ಡಿನ ಮೇಲೆ ನೋಂದಣಿ ನಂಬರ್ ಇದೆಯಾ ಅಂತ ಕೇಳುವುದನ್ನು ನಾವೂ ಕಲಿಯಬೇಕು.

ನಮ್ಮ ಮಾವನ ಫಿಸಿಯೋ ಮೊದಲ ದಿನ ಕೇಳಿದ್ದು "ನಿಮಗೆ ಏನು ಮಾಡಾಕ ಬರಬೇಕ್ರಿ?" ಅಂತ. ಮಾವ ಯೋಚನೆ ಮಾಡಿ, "ಒಬ್ಬನ ಬಸ್ ಹತ್ತಬೇಕು" ಅಂದ. ಆಮೇಲಿನ ಚಿಕಿತ್ಸೆಯೆಲ್ಲ ಅದರ ಸುತ್ತ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಎರಡು ಸಿಮೆಂಟ್ ಇಟ್ಟಿಗೆ ಪೇರಿಸಿ ಬಸ್ಸಿನ ಮೆಟ್ಟಿಲು ಮಾಡಿದೆವು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ದಿನಕ್ಕೆ ನೂರು ಸಲ. ಬಲಗೈಗೆ ವ್ಯಾಯಾಮ ಅಂದರೆ ಬೇಜಾರು ಮಾಡಿಕೊಳ್ಳುತ್ತಿದ್ದ, ಅತ್ತೆ ಮುಂದೆ ಒಂದು ಮೊರ ಶೇಂಗಾ ಸುರಿದಳು. ಸುಲಿಯದೆ ಚಟ್ನಿಪುಡಿ ಇಲ್ಲ ಅಂದಳು. ಮೊದಲ ವಾರ ಎಂಟು ಕಾಯಿ ಸುಲಿದ, ಅದರಲ್ಲೂ ಅರ್ಧ ಪುಡಿ ಆದವು.

ಭುಜದ ನೋವು ಪೂರ್ತಿ ಹೋಗಿಲ್ಲ. ಕೈ ಹೆಗಲಿನ ಮಟ್ಟದಿಂದ ಮೇಲೆ ಏಳುವುದಿಲ್ಲ. ಆದರೆ ಈಗ ಗಂಗಾವತಿಗೆ ಒಬ್ಬನೇ ಹೋಗಿ ಬರುತ್ತಾನೆ, ಎಡಗೈಯಲ್ಲಿ ಕೋಲು. ಕಂಡಕ್ಟರ್ ಮಾತ್ರ ಇವನು ಎರಡನೇ ಕಾಲು ಇಡುವ ಮುಂಚೆಯೇ ಸೀಟಿ ಊದಿಬಿಡುತ್ತಾನಂತೆ.